ಕಾರಿಗೂ ದೋಣಿಗೂ ಒಂದೇ ಜಿಪಿಎಸ್

ಕೊಡಗಿನ ಹಾರಂಗಿ ಜಲಾಶಯದ ಹಿನ್ನೀರಿನಲ್ಲಿ ಒಂದು ಸಂಜೆ, ದಡದ ರಸ್ತೆಗೆ ಸಮಾನಾಂತರವಾಗಿ ದೋಣಿ ಸಾಗುತ್ತಿದ್ದಾಗ, ಕಾರಿನಲ್ಲಿ ದಾರಿ ತೋರಿಸುವ ಆ್ಯಪನ್ನು ಫೋನಿನಲ್ಲಿ ತೆರೆದಿದ್ದೆ. ನಮ್ಮನ್ನು ಸೂಚಿಸುವ ಬಾಣ ನೀರಿನ ಮೇಲಿರಲಿಲ್ಲ; ರಸ್ತೆಯ ನಟ್ಟನಡುವೆ ನೆಟ್ಟಗೆ ಓಡುತ್ತಿತ್ತು. ಹುಟ್ಟು ಹಾಕುತ್ತಿದ್ದ ಭಾವನವರು ಅದನ್ನು ನೋಡಿ, "ಹಾಗಾದರೆ ನೀವು ಇಳಿದು ನಡೆಯಬಹುದಲ್ಲ" ಎಂದರು.

ಫೋನಿನ ಜಿಪಿಎಸ್ ಕೆಟ್ಟಿರಲಿಲ್ಲ. ಕಾರು ರಸ್ತೆಯ ಮೇಲೆಯೇ ಇರುತ್ತದೆ ಎಂಬುದು ಕಾರಿಗಾಗಿ ಬರೆದ ತಂತ್ರಾಂಶದ ಮೂಲ ನಂಬಿಕೆ. ಉಪಗ್ರಹಗಳಿಂದ ಲೆಕ್ಕ ಹಾಕಿದ ಸ್ಥಾನ ಕೆಲವು ಮೀಟರ್ ಆಚೀಚೆ ಬಂದರೆ ಅದನ್ನು ಹತ್ತಿರದ ರಸ್ತೆಗೆ ಎಳೆದು ಅಂಟಿಸಿಬಿಡುತ್ತದೆ. ಘಾಟಿಯಲ್ಲಿ ಇದು ಉಪಕಾರ, ನೀರಿನಲ್ಲಿ ಶುದ್ಧ ಸುಳ್ಳು. ಆದ್ದರಿಂದ ಎರಡಕ್ಕೂ ಒಂದೇ ಉಪಕರಣ ಬೇಕೆನ್ನುವವರು ನೀರನ್ನು ಮುಂದಿಟ್ಟುಕೊಂಡು ಆರಿಸಬೇಕು ಎಂಬುದು ನನ್ನ ಅಭಿಪ್ರಾಯ: ದೋಣಿಗೆ ಒಗ್ಗುವ ಜಿಪಿಎಸ್ ಕಾರಿನಲ್ಲಿ ಹೇಗೋ ಸುಧಾರಿಸಿಕೊಳ್ಳುತ್ತದೆ, ಕಾರಿಗೆಂದೇ ಮಾಡಿದ್ದು ದೋಣಿಯಲ್ಲಿ ಕೈಕೊಡುತ್ತದೆ. ಕೈಯಲ್ಲಿ ಹಿಡಿಯುವ ಉಪಕರಣಗಳಲ್ಲಿ ರಸ್ತೆಗೆ ಅಂಟಿಸುವ ಈ ಗುಣವನ್ನು ಸೆಟ್ಟಿಂಗ್‌ನಲ್ಲಿ ಬೇಕೆಂದಾಗ ಹಾಕಿ, ಬೇಡವೆಂದಾಗ ತೆಗೆಯಲು ಆಗುತ್ತದೆಯೇ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳಬೇಕು.

ಸ್ಥಾನದ ಲೆಕ್ಕ ಮೂಲದಲ್ಲಿ ಕಾಲದ ಲೆಕ್ಕ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ, ಪರಮಾಣು ಗಡಿಯಾರದ ಸಮಯವನ್ನು ರೇಡಿಯೋ ಸಂಕೇತವಾಗಿ ಬಿತ್ತುತ್ತಿರುತ್ತವೆ. ನಮ್ಮ ಕೈಯಲ್ಲಿರುವುದು ಅದನ್ನು ಆಲಿಸುವ ಯಂತ್ರ ಮಾತ್ರ. ಸಂಕೇತ ಹೊರಟ ಸಮಯಕ್ಕೂ ಬಂದು ಮುಟ್ಟಿದ ಸಮಯಕ್ಕೂ ಇರುವ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಗುತ್ತದೆ. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಕೈಯಲ್ಲಿರುವ ಯಂತ್ರದ ಅಗ್ಗದ ಗಡಿಯಾರ ಅಷ್ಟು ನಿಖರವಲ್ಲದ ಕಾರಣ, ಮೂರು ದಿಕ್ಕಿನ ಅಳತೆಗೆ ಮೂರು ಉಪಗ್ರಹಗಳಾದರೆ, ಗಡಿಯಾರದ ತಪ್ಪನ್ನು ತಿದ್ದಲು ನಾಲ್ಕನೆಯದೊಂದು ಬೇಕು.

ಮಳೆಗಾಲದಲ್ಲಿ ಜಿಪಿಎಸ್ ಹಿಡಿಯುವುದಿಲ್ಲ ಎಂದು ನಮ್ಮಲ್ಲಿ ಮೋಡವನ್ನು ದೂರುವುದುಂಟು. ಮೋಡ ಮತ್ತು ಮಳೆ ಈ ಸಂಕೇತಗಳಿಗೆ ಅಷ್ಟೇನೂ ಅಡ್ಡಿಯಲ್ಲ. ಅಡ್ಡಿಯಾಗುವುದು ಕಾಫಿ ತೋಟದ ಸಿಲ್ವರ್ ಓಕ್, ಅತ್ತಿ, ಹಲಸಿನ ಮರಗಳ ನೆನೆದ ಎಲೆಗಳು. ಮೊದಲೇ ಕ್ಷೀಣವಾಗಿರುವ ಸಂಕೇತವನ್ನು ನೀರು ತುಂಬಿದ ಎಲೆ ಇನ್ನಷ್ಟು ಹೀರುತ್ತದೆ. ಸಂಪಾಜೆ ಘಾಟಿಯ ತೊಂದರೆ ಬೇರೆ ಬಗೆಯದು. ಅಲ್ಲಿ ಗುಡ್ಡ ಅರ್ಧ ಆಕಾಶವನ್ನೇ ಮರೆಮಾಡುತ್ತದೆ. ಬಂಡೆಗೆ ಬಡಿದು ಬಳಸಿ ಬಂದ ಸಂಕೇತ ತಡವಾಗಿ ತಲುಪಿ, ಉಪಗ್ರಹ ಇರುವುದಕ್ಕಿಂತ ದೂರದಲ್ಲಿದೆ ಎಂದು ಯಂತ್ರವನ್ನು ನಂಬಿಸುತ್ತದೆ. ಉಪಗ್ರಹಗಳು ಎಲ್1, ಎಲ್5 ಎಂಬ ಬೇರೆ ಬೇರೆ ರೇಡಿಯೋ ಆವರ್ತನಗಳಲ್ಲಿ ಸಂಕೇತ ಕಳಿಸುತ್ತವೆ; ಇದಕ್ಕೆ ಒಳ್ಳೆಯ ಮದ್ದು ಎಲ್1 ಜೊತೆಗೆ ಎಲ್5 ಅನ್ನೂ ಕೇಳುವ ಉಪಕರಣ. ಎಲ್5ರ ಸಂಕೇತದ ಒಂದೊಂದು ತುಣುಕು ಸುಮಾರು 29 ಮೀಟರ್ ಉದ್ದವಿದ್ದರೆ, ಎಲ್1ರ ಹಳೆಯ ನಾಗರಿಕ ಸಂಕೇತದ ತುಣುಕು ಸುಮಾರು 293 ಮೀಟರ್. ತುಣುಕು ಚಿಕ್ಕದಾದಷ್ಟೂ ನೇರ ಬಂದದ್ದು ಯಾವುದು, ಬಳಸಿ ಬಂದದ್ದು ಯಾವುದು ಎಂದು ಬೇರ್ಪಡಿಸುವುದು ಸುಲಭ. ಹೆಚ್ಚಿನ ಬೆಲೆ ಕೊಡುವುದಾದರೆ ನಾನು ಇದಕ್ಕೆ ಕೊಡುತ್ತೇನೆ, ಬಣ್ಣದ ಪರದೆಗಲ್ಲ.

ಜಿಪಿಎಸ್‌ನಂಥದ್ದೇ ಆದ ನಮ್ಮ ನಾವಿಕ್ ವ್ಯವಸ್ಥೆಯ ಉಪಗ್ರಹಗಳು ಭಾರತದ ಪ್ರದೇಶಕ್ಕೆಂದೇ ಇರುವಂಥವು. 2023ರ ಮೇ 29ರಂದು ಉಡಾಯಿಸಿದ ಎನ್‌ವಿಎಸ್-01 ಅದಕ್ಕೆ ಎಲ್1 ಆವರ್ತನವನ್ನೂ ಸೇರಿಸಿತು. ಆದರೆ ನಾವಿಕ್‌ನ ಹಲವು ಹಳೆಯ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳು ಕೆಟ್ಟಿರುವುದರಿಂದ, ಪೆಟ್ಟಿಗೆಯ ಮೇಲೆ ಜಿಪಿಎಸ್, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋಗಳ ಹೆಸರೂ ಇರುವುದು ಒಳ್ಳೆಯದು. ಸಮಭಾಜಕಕ್ಕೆ ಹತ್ತಿರದ ನಮ್ಮ ಆಕಾಶದ ಅಯಾನುಗೋಳ, ಅಂದರೆ ವಾತಾವರಣದ ಮೇಲಿನ ವಿದ್ಯುದಾವೇಶದ ಪದರ, ಸಂಕೇತವನ್ನು ತಡೆದು ನಿಧಾನಿಸುವುದು ಹೆಚ್ಚು. ಆ ತಪ್ಪನ್ನು ತಿದ್ದುವ ಭಾರತೀಯ ವ್ಯವಸ್ಥೆ ಗಗನ್. ಉಪಕರಣದಲ್ಲಿ ಇದು ಸಾಮಾನ್ಯವಾಗಿ ಅಮೆರಿಕದ ಇಂಥದ್ದೇ ವ್ಯವಸ್ಥೆಯಾದ 'ವಾಸ್' ಹೆಸರಿನ ಆಯ್ಕೆಯೊಳಗೆ ಅಡಗಿರುತ್ತದೆ.

ದಿಕ್ಕಿನ ವಿಷಯಕ್ಕೆ ಬಂದರೆ, ಜಿಪಿಎಸ್‌ಗೆ ನೀವು ಚಲಿಸಿದ ದಿಕ್ಕು ಗೊತ್ತೇ ಹೊರತು ಮುಖ ಮಾಡಿದ ದಿಕ್ಕು ಗೊತ್ತಿಲ್ಲ. ಕಾರಿನಲ್ಲಿ ಎರಡೂ ಒಂದೇ. ಹುಟ್ಟು ಎತ್ತಿಟ್ಟು ಗಾಳಿಗೆ ತೇಲುತ್ತಿರುವ ದೋಣಿಯಲ್ಲಿ ಮೂತಿ ಒಂದು ಕಡೆ, ಸಾಗುವುದು ಇನ್ನೊಂದು ಕಡೆ. ಅದಕ್ಕಾಗಿ ಮೂರು ಅಕ್ಷಗಳ ಎಲೆಕ್ಟ್ರಾನಿಕ್ ದಿಕ್ಸೂಚಿ ಇರುವುದನ್ನೇ ಕೊಳ್ಳಬೇಕು.

ನಕ್ಷೆ ಯಾವುದಾದರೂ ಅದನ್ನು ಮಾಡಿದ ದಿನದ್ದೇ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದಾಗಲೂ, ಉಪಕರಣದೊಳಗೆ ತುಂಬಿಸಿಟ್ಟ ನಕ್ಷೆಯಲ್ಲಿ ಆ ರಸ್ತೆ ತೆರೆದೇ ಇರುತ್ತದೆ. ಹಾರಂಗಿಯ ನೀರಿನ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 2,859 ಅಡಿ. ಬೇಸಿಗೆಯಲ್ಲಿ ನೀರು ಇಳಿದಾಗ ನಕ್ಷೆಯ ನೀಲಿ ಬಣ್ಣದ ಅಂಚು ಒಣ ಕೆಸರಿನ ಮೇಲಿರುತ್ತದೆ, ಮುಳುಗಿದ್ದ ಮರದ ಬೊಡ್ಡೆಗಳು ತಲೆ ಎತ್ತುತ್ತವೆ. ಆಗ ಒಂದೊಂದು ಬೊಡ್ಡೆಯ ಸ್ಥಾನವನ್ನೂ ಗುರುತು ಮಾಡಿಟ್ಟುಕೊಂಡರೆ, ಮಳೆಗಾಲದಲ್ಲಿ ನೀರು ಏರಿದ ಮೇಲೆ ಕಾಣದ ಆ ಬೊಡ್ಡೆಗಳ ಚಾರ್ಟ್ ನಿಮ್ಮ ಕೈಯಲ್ಲೇ ಇರುತ್ತದೆ. ಅಕ್ಷಾಂಶ, ರೇಖಾಂಶಗಳನ್ನು ಬರೆದುಕೊಳ್ಳುವ ಕ್ರಮ ಮಾತ್ರ ಒಂದೇ ಇರಲಿ: 25.50 ನಿಮಿಷ ಎಂದರೆ 25 ನಿಮಿಷ 30 ಸೆಕೆಂಡ್. ಅಕ್ಷಾಂಶದಲ್ಲಿ ಅದನ್ನು 25 ನಿಮಿಷ 50 ಸೆಕೆಂಡ್ ಎಂದು ಓದಿದರೆ 600 ಮೀಟರಿಗೂ ಹೆಚ್ಚು ದೂರ ತಪ್ಪಿದಂತೆ.

ಉಳಿದದ್ದು ಉಪಕರಣದ ದೇಹದ ಗುಣ. ನೀರು ತಡೆಯುವ ದರ್ಜೆಯಾದ ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದರ್ಥ, ತೇಲುತ್ತದೆ ಎಂದಲ್ಲ. ಗಾರ್ಮಿನ್ ಕಂಪನಿಯ ಜಿಪಿಎಸ್‌ಮ್ಯಾಪ್ 79 ಮತ್ತು 86ರಂಥವು ತೇಲುವಂತೆ ಮಾಡಿದವು. ಮಳೆಹನಿಯೇ ಒತ್ತಿಬಿಡುವ ಟಚ್ ಪರದೆಗಿಂತ ಗುಂಡಿಗಳು ಮೇಲು. ಪೇಟೆಯಲ್ಲಿ ಸಿಗುವ ಎಎ ಸೆಲ್ ಹಾಕಬಹುದಾದದ್ದು, ನಾಲ್ಕು ದಿನ ಕರೆಂಟಿಲ್ಲದ ನಮ್ಮ ಆಷಾಢಕ್ಕೆ ಅನುಕೂಲ. ಕಾರಿನಲ್ಲಿ ಧ್ವನಿಯಲ್ಲಿ ದಾರಿ ಹೇಳಬೇಕೆಂದರೆ ಕೈಯಂತ್ರಗಳು ಸೋಲುತ್ತವೆ, ಹೆಚ್ಚಿನವು ಬರೀ ಬೀಪ್ ಎನ್ನುತ್ತವೆ. ನನಗದು ಕೊರತೆ ಅನಿಸಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಮಾದರಿಗಳಿಗೆ ನಮ್ಮ ದೇಶದಲ್ಲಿ ಸರ್ಕಾರದ ಅನುಮತಿ ಬೇಕು, ವಿದೇಶದಿಂದ ತರಿಸುವವರು ಎಚ್ಚರದಿಂದಿರಬೇಕು.

ಈಗ ನಾವು ದೋಣಿ ನೂಕುವ ಮೊದಲು ಮಾಡುವ ಕೆಲಸವೆಂದರೆ, ದಡದಲ್ಲಿ ಎರಡು ನಿಮಿಷ ನಿಂತು, ಸ್ಥಾನ ಸ್ಥಿರವಾದ ಮೇಲೆ ಆ ಜಾಗವನ್ನು ಗುರುತು ಮಾಡುವುದು. ಗುರುತಿಗೆ ಹೆಸರಿಡುವ ಅಧಿಕಾರ ಭಾವನವರದು. ಅವರು ಇಟ್ಟ ಹೆಸರು 'ಕಾರು'.