ಔಷಧ ಒಗ್ಗಿರುವುದು ನಿಮ್ಮ ಮೈಗಲ್ಲ

ಸೋಂಕಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ಅದಕ್ಕೆ ಯಾವ ಔಷಧ ನಾಟುತ್ತದೆಂದು ನೋಡುವ ಕಲ್ಚರ್ ಪರೀಕ್ಷೆಯ ವರದಿಯಲ್ಲಿ ಔಷಧದ ಹೆಸರಿನ ಮುಂದೆ ‘ಆರ್’ (ರೆಸಿಸ್ಟೆಂಟ್, ಅಂದರೆ ಈ ಔಷಧ ನಾಟದು) ಎಂಬ ಅಕ್ಷರ ಕಂಡೊಡನೆ, ದಾವಣಗೆರೆಯ ನಮ್ಮ ಪ್ರಯೋಗಾಲಯಕ್ಕೆ ಬರುವ ಬಹುಪಾಲು ಜನ ಅದನ್ನು ತಮ್ಮ ಮೈಯ ಬಗ್ಗೆ ಬರೆದ ಮಾತೆಂದೇ ಓದಿಕೊಳ್ಳುತ್ತಾರೆ. “ನನ್ ಮೈಗೆ ಆ ಗುಳಿಗಿ ಒಗ್ಗಿಬಿಟ್ಟೈತ್ರಿ ಮೇಡಂ, ಅದಕ್ಕ ನಾಟವಲ್ದು” ಎನ್ನುತ್ತಾರೆ. ಚೆನ್ನಾಗಿ ಓದಿದವರೂ ಇದನ್ನೇ ಹೇಳುತ್ತಾರೆ. ಸೂಕ್ಷ್ಮಜೀವಿಶಾಸ್ತ್ರದ ವೈದ್ಯೆಯಾದ ನನಗೆ ಇದರಷ್ಟು ಬೇಸರ ತರುವ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ. ಏಕೆಂದರೆ ತಪ್ಪು ನಿರ್ಧಾರಗಳು ಇದರ ಬೆನ್ನಿಗೇ ಬರುತ್ತವೆ. ಕೆಲವು ತಿಂಗಳು ಬಿಟ್ಟರೆ ಗುಳಿಗೆ ಮತ್ತೆ ನಾಟುತ್ತದೆಂದು ಒಬ್ಬರು ನಂಬುತ್ತಾರೆ. ಉಳಿದ ಗುಳಿಗೆಗಳನ್ನು ‘ಇವನಿಗಿನ್ನೂ ಒಗ್ಗಿಲ್ಲ’ ಎಂದು ಇನ್ನೊಬ್ಬರು ತಮ್ಮನಿಗೆ ನುಂಗಿಸುತ್ತಾರೆ. ಆಂಟಿಬಯಾಟಿಕ್ಕನ್ನೇ ಮುಟ್ಟದವರು ತಮಗೆ ಈ ತೊಂದರೆ ಬಾರದೆಂದು ನಿಶ್ಚಿಂತರಾಗಿರುತ್ತಾರೆ.

ಆ ವರದಿ ಹೇಗೆ ತಯಾರಾಗುತ್ತದೆ ಎಂಬುದನ್ನು ಒಮ್ಮೆ ನೋಡಬೇಕು. ಮೂತ್ರದಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾವನ್ನು, ಅದು ಬೆಳೆಯಲೆಂದು ಅಗರ್ ಎಂಬ ಲೋಳೆ ತುಂಬಿದ ತಟ್ಟೆಯ ಮೇಲೆ ಹತ್ತಿಯ ಕಡ್ಡಿಯಿಂದ ಸಮನಾಗಿ ಸವರಿ, ಔಷಧ ಹೀರಿಸಿದ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗಳನ್ನು ಅದರ ಮೇಲಿಟ್ಟು, 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 16ರಿಂದ 18 ಗಂಟೆ ಬಿಡುತ್ತೇವೆ. ಮರುದಿನ ತಟ್ಟೆಯ ತುಂಬ ಬೂದುಬಣ್ಣದ ತೆಳುಪೊರೆ ಹಬ್ಬಿರುತ್ತದೆ. ಔಷಧ ನಾಟಿದ ಬಿಲ್ಲೆಯ ಸುತ್ತ ನಿಚ್ಚಳವಾದ ವೃತ್ತವಿರುತ್ತದೆ, ನಾಟದ ಬಿಲ್ಲೆಯ ಅಂಚಿನವರೆಗೂ ಪೊರೆ ಬೆಳೆದು ನಿಂತಿರುತ್ತದೆ. ಆ ತಟ್ಟೆಯಲ್ಲಿ ರೋಗಿಯ ಮೈಯ ಒಂದು ಜೀವಕೋಶವೂ ಇರುವುದಿಲ್ಲ. ‘ಆರ್’ ಎಂದು ನಾವು ಬರೆಯುವುದು ಬ್ಯಾಕ್ಟೀರಿಯಾದ ಗುಣವನ್ನು.

ಇದನ್ನು ಒಪ್ಪಿದವರೂ ಮುಂದೊಂದು ಕಡೆ ಎಡವುತ್ತಾರೆ. ಔಷಧವನ್ನು ಉಂಡು ಉಂಡು ಬ್ಯಾಕ್ಟೀರಿಯಾ ಅದನ್ನು ತಡೆದುಕೊಳ್ಳಲು ಕಲಿಯಿತು ಎಂದುಕೊಳ್ಳುತ್ತಾರೆ. ಅದು ಹಾಗಲ್ಲ. ಈ. ಕೋಲೈಯಂತಹ ಬ್ಯಾಕ್ಟೀರಿಯಾ ಅನುಕೂಲ ಸ್ಥಿತಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಪ್ರತಿ ಸಲವೂ ಸುಮಾರು 46 ಲಕ್ಷ ಅಕ್ಷರಗಳ ಡಿಎನ್ಎ ನಕಲಾಗಬೇಕು, ಅಲ್ಲಿ ಅಪರೂಪಕ್ಕೆ ತಪ್ಪುಗಳಾಗುತ್ತವೆ, ಮತ್ತು ಕೋಟಿಗಟ್ಟಲೆ ಕೋಶಗಳ ನಡುವೆ ಆ ಅಪರೂಪವೂ ಅಪರೂಪವಾಗಿ ಉಳಿಯುವುದಿಲ್ಲ. ಔಷಧ ಬಂದಾಗ ಮೊದಲೇ ಹಾಗೆ ಬದಲಾಗಿದ್ದ ಕೆಲವು ಕೋಶಗಳು ಬದುಕಿ, ಸತ್ತವುಗಳ ಜಾಗವನ್ನೂ ತಾವೇ ತುಂಬುತ್ತವೆ. 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ ಇದನ್ನು ಮಖಮಲ್ಲಿನ ಬಟ್ಟೆಯಿಂದ ತೋರಿಸಿಕೊಟ್ಟರು. ಔಷಧವಿಲ್ಲದ ತಟ್ಟೆಯ ಮೇಲೆ ಬಟ್ಟೆಯನ್ನೊತ್ತಿ, ಅದೇ ಅಚ್ಚನ್ನು ಸ್ಟ್ರೆಪ್ಟೊಮೈಸಿನ್ ಇದ್ದ ತಟ್ಟೆಗೆ ಒತ್ತಿ, ಅಲ್ಲಿ ಬದುಕುಳಿದವು ಮೊದಲ ತಟ್ಟೆಯಲ್ಲಿ ಎಲ್ಲಿದ್ದವೆಂದು ಹುಡುಕಿದರು. ಔಷಧವನ್ನು ಎಂದೂ ಕಾಣದ ಆ ಜಾಗದ ಕೋಶಗಳಲ್ಲಿಯೇ ನಿರೋಧ ಶಕ್ತಿ ಇತ್ತು.

ಕೋಶಕೇಂದ್ರವಿಲ್ಲದ ಈ ಜೀವಿಗಳಿಗೆ, ಅಂದರೆ ಪ್ರೊಕ್ಯಾರಿಯೋಟ್‌ಗಳಿಗೆ, ಇನ್ನೊಂದು ದಾರಿಯೂ ಇದೆ. ಮುಖ್ಯ ವರ್ಣತಂತುವಿನ ಹೊರಗೆ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್ಎ ಉಂಗುರಗಳನ್ನು ಇಟ್ಟುಕೊಂಡು, ನೆರೆಯ ಕೋಶಕ್ಕೆ, ಅದು ಬೇರೆ ಜಾತಿಯದಾದರೂ, ನೇರವಾಗಿ ದಾಟಿಸಬಲ್ಲವು. ಒಂದೇ ಪ್ಲಾಸ್ಮಿಡ್ ನಾಲ್ಕಾರು ಔಷಧಗಳ ನಿರೋಧವನ್ನು ಹೊತ್ತಿರುವುದುಂಟು. ಆದ್ದರಿಂದಲೇ ಕೆಲವು ವರದಿಗಳಲ್ಲಿ ‘ಆರ್’ ಸಾಲುಸಾಲಾಗಿ ಬರುತ್ತದೆ.

ಈ ಸಾಮರ್ಥ್ಯಗಳು ನಮ್ಮ ಔಷಧದಂಗಡಿಗಳಿಗಿಂತ ಎಷ್ಟು ಹಳೆಯವು ಎಂಬುದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಚಿತ್ರದುರ್ಗದ ಭೀಮಸಮುದ್ರದ ಕಡೆಯ ಸುಣ್ಣಕಲ್ಲಿನಲ್ಲಿ ಪದರ ಪದರವಾಗಿ ಬಾಗಿದ ಗೆರೆಗಳಿವೆ; ಅವು ಸ್ಟ್ರೊಮ್ಯಾಟೊಲೈಟ್‌ಗಳು, 250 ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಹಾಸುಗಳು ಬಿಟ್ಟುಹೋದ ಗುರುತುಗಳು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸುಮಾರು 350 ಕೋಟಿ ವರ್ಷದವೂ ಇವೆ. ಗಿಡ, ಪ್ರಾಣಿ ಯಾವುದೂ ಇಲ್ಲದ ಆ ದೀರ್ಘ ಕಾಲದಲ್ಲಿ ಸೂಕ್ಷ್ಮಜೀವಿಗಳ ಪೈಪೋಟಿ ತಮ್ಮತಮ್ಮಲ್ಲೇ ನಡೆದಿತ್ತು. ಇಂದಿನ ಆಂಟಿಬಯಾಟಿಕ್‌ಗಳಲ್ಲಿ ಬಹಳಷ್ಟರ ಮೂಲವೂ ಮಣ್ಣಿನ ಬ್ಯಾಕ್ಟೀರಿಯಾಗಳೇ. ಆ ವಸ್ತುವನ್ನು ತಯಾರಿಸುವ ಜೀವಿಗೆ ಅದರಿಂದ ತನ್ನನ್ನು ಕಾಪಾಡಿಕೊಳ್ಳುವ ಉಪಾಯವೂ ಬೇಕಷ್ಟೆ. ಪೆನಿಸಿಲಿನ್ನನ್ನು ಒಡೆಯುವ ಕಿಣ್ವಗಳ ವಂಶಾವಳಿ 200 ಕೋಟಿ ವರ್ಷಗಳಾಚೆಗೆ ಹೋಗುತ್ತದೆಂಬ ಅಂದಾಜಿದೆ. ಇಂತಹ ಅಂದಾಜುಗಳಲ್ಲಿ ಹೆಚ್ಚುಕಡಿಮೆ ಇರುತ್ತದೆ, ಆದರೆ ಕೆನಡಾದ ಯೂಕಾನ್ ಪ್ರಾಂತ್ಯದ 30,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲಿ ನಿರೋಧಕ ಜೀನ್‌ಗಳು 2011ರಲ್ಲಿ ಸಿಕ್ಕಿರುವುದು ಅಂದಾಜಲ್ಲ.

ಜನರ ಮಾತಿನಲ್ಲಿ ಒಂದಿಷ್ಟು ಸತ್ಯವಿದೆ ಎಂಬುದನ್ನೂ ಒಪ್ಪಬೇಕು. ಮೂತ್ರದ ಸೋಂಕಿಗೆ ಕಾರಣವಾಗುವ ಈ. ಕೋಲೈ ಸಾಮಾನ್ಯವಾಗಿ ರೋಗಿಯ ಕರುಳಿನಿಂದಲೇ ಬರುತ್ತದೆ. ಇತ್ತೀಚೆಗೆ ಆಂಟಿಬಯಾಟಿಕ್ ನುಂಗಿದ್ದರೆ ಆ ಕರುಳಿನಲ್ಲಿ ಉಳಿದವು ನಿರೋಧವುಳ್ಳವೇ ಆಗಿರುವ ಸಂಭವ ಹೆಚ್ಚು. ಹಾಗೆಂದು ನುಂಗದವರೂ ಹೊರತಲ್ಲ. ಅಂತಹ ಬ್ಯಾಕ್ಟೀರಿಯಾ ನೀರು, ಆಹಾರ, ಮನೆಯವರ ಕೈ ಇವುಗಳ ಮೂಲಕ ಯಾರ ಕರುಳಿಗಾದರೂ ಸೇರಬಹುದು. ಹೊಸದುರ್ಗದ ಕಡೆಯ ದಾಳಿಂಬೆ ಬೆಳೆಗಾರರೊಬ್ಬರಿಗೆ ಇದನ್ನು ವಿವರಿಸಿದಾಗ, “ಹಂಗಾರ ನಾವು ಗಿಡಕ್ಕ ಹೊಡೆಯೋ ಸ್ಟ್ರೆಪ್ಟೊಸೈಕ್ಲಿನ್ನಿನ ಕಥಿನೂ ಇದೇ ಏನ್ರಿ?” ಎಂದು ಕೇಳಿದರು. ಹೌದು, ಅದೂ ಆಂಟಿಬಯಾಟಿಕ್ಕೇ; ದಾಳಿಂಬೆಗೆ ಬರುವ ದುಂಡಾಣು ಅಂಗಮಾರಿ ರೋಗದ ಬ್ಯಾಕ್ಟೀರಿಯಾಕ್ಕೂ ಇದೇ ನಿಯಮ. ಇಷ್ಟು ನೇರವಾದ ಪ್ರಶ್ನೆಯನ್ನು ನನಗೆ ಯಾವ ವಿದ್ಯಾರ್ಥಿಯೂ ಕೇಳಿಲ್ಲ, ಅವರ ಮೇಲೆ ನನಗೆ ಇಂದಿಗೂ ಅಕ್ಕರೆಯಿದೆ.

ಯಾವ ಔಷಧ, ಎಷ್ಟು ದಿನ ಎಂಬುದನ್ನು ನಿಮ್ಮನ್ನು ಕಣ್ಣಾರೆ ನೋಡಿದ ವೈದ್ಯರೇ ತೀರ್ಮಾನಿಸಬೇಕು. ಅಂಕಣದಲ್ಲಿ ಅದನ್ನು ಹೇಳಲಾಗದು. ನಾನು ಕೇಳುವುದು ಇಷ್ಟೇ: ವೈದ್ಯರು ಕಲ್ಚರ್ ಬರೆದುಕೊಟ್ಟಿದ್ದರೆ ಮಾದರಿಯನ್ನು ಮೊದಲ ಗುಳಿಗೆ ನುಂಗುವ ಮುನ್ನವೇ ತಂದುಕೊಡಿ, ಮತ್ತು ಕಳೆದ ಮೂರು ತಿಂಗಳಲ್ಲಿ ತೆಗೆದುಕೊಂಡ ಆಂಟಿಬಯಾಟಿಕ್‌ಗಳ ಖಾಲಿ ಸ್ಟ್ರಿಪ್‌ಗಳಿದ್ದರೆ, ಹೆಸರು ಕಾಣುವಂತೆ, ಅವನ್ನೂ ಜೊತೆಗೆ ತನ್ನಿ.