ಎಷ್ಟು ಬಾರ್ ಮೆಷಿನ್ ತಗೋಬೇಕು? ಮೊದಲು ನಲ್ಲಿ ಕೆಳಗೆ ಬಕೆಟ್ ಇಡಿ

ಪ್ರಶ್ನೆ: ಅಪಾರ್ಟ್‌ಮೆಂಟ್ ಪಾರ್ಕಿಂಗ್, ಟೆರೇಸು, ಕಾಂಪೌಂಡ್ ತೊಳೆದುಕೊಡುವ ಕೆಲಸ ಶುರು ಮಾಡಬೇಕು ಅಂತಿದ್ದೇನೆ. ಒಬ್ಬರು 120 ಬಾರ್ (ಬಾರ್ ಅಂದರೆ ನೀರಿನ ಒತ್ತಡದ ಅಳತೆ) ಪ್ರೆಶರ್ ವಾಷರ್ ಸಾಕು ಅಂತಾರೆ. ಇನ್ನೊಬ್ಬರು 250 ಬಾರ್ ಇಲ್ಲದೆ ಕೆಲಸಕ್ಕೆ ಇಳಿಯಲೇಬೇಡ ಅಂತಾರೆ. ಯಾವುದು ತಗೊಳ್ಳಲಿ? (ನಾಗರಬಾವಿಯ ಓದುಗರು)

ಉತ್ತರ: ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಏರಿಯಾದ ನಾಲ್ಕಾರು ಕಟ್ಟಡಗಳ ಪಾರ್ಕಿಂಗ್‌ಗೆ ಹೋಗಿ, ಅಲ್ಲಿನ ನಲ್ಲಿಗೆ 10 ಲೀಟರ್ ಬಕೆಟ್ ಹಿಡಿಯಿರಿ. ತುಂಬಲು ಎಷ್ಟು ಹೊತ್ತು ಬೇಕು ಅಂತ ಮೊಬೈಲ್‌ನಲ್ಲಿ ನೋಡಿ. ಒಂದೂವರೆ ನಿಮಿಷ ತಗೊಂಡರೆ ಆ ನಲ್ಲಿ ನಿಮಿಷಕ್ಕೆ ಕೊಡುವುದು 7 ಲೀಟರ್‌ಗಿಂತ ಕಡಿಮೆ. ನೀವು ನಿಮಿಷಕ್ಕೆ 10 ಲೀಟರ್ ಎಳೆಯುವ ಮೆಷಿನ್ ಅದಕ್ಕೆ ನೇರ ಹಾಕಿದರೆ ಪಂಪ್‌ಗೆ ನೀರು ಸಾಲುವುದಿಲ್ಲ. ಒಳಗೆ ಕಲ್ಲು ಸಿಕ್ಕಿದ ಹಾಗೆ ಗಲಗಲ ಸದ್ದು ಬರುತ್ತದೆ, ಪೈಪು ಅದುರುತ್ತದೆ, ಕೆಲವೇ ದಿನದಲ್ಲಿ ಸೀಲು, ವಾಲ್ವು ಹೋಗುತ್ತವೆ. ಇಲ್ಲಿ ಹೊಸ ಮೆಷಿನ್‌ಗಳು ಬೇಗ ಕೆಡುವುದು ಹೆಚ್ಚಾಗಿ ಹೀಗೇ. ಬೈಯಿಸಿಕೊಳ್ಳುವುದು ಮಾತ್ರ ಅಂಗಡಿಯವನು.

ಆದ್ದರಿಂದ ಮೆಷಿನ್ ಜೊತೆಗೇ 200 ಲೀಟರ್ ಡ್ರಮ್ ಒಂದನ್ನು ಲೆಕ್ಕಕ್ಕೆ ಹಿಡಿಯಿರಿ. ನಲ್ಲಿ ನೀರು ಡ್ರಮ್‌ಗೆ, ಡ್ರಮ್ಮಿಂದ ಮೆಷಿನ್‌ಗೆ. ಬರೀ ಡ್ರಮ್ ನೀರಾದರೆ 10 ಲೀಟರ್ ಮೆಷಿನ್ 20 ನಿಮಿಷ ಓಡುತ್ತದೆ. ನಲ್ಲಿಯೂ ತುಂಬುತ್ತಿದ್ದರೆ ಒಂದು ಗಂಟೆ ಎಳೆಯಬಹುದು. ಡ್ರಮ್ಮಿಂದ ಎಳೆಯುವಾಗ ಪೈಪಿನ ತುದಿಗೆ ಫಿಲ್ಟರ್ ಇರಲೇಬೇಕು. ನಮ್ಮ ಬೋರ್‌ವೆಲ್, ಟ್ಯಾಂಕರ್ ನೀರಿನಲ್ಲಿ ಸಣ್ಣ ಮರಳು ಬರುತ್ತದೆ, ಅದು ಪಂಪ್ ಒಳಗೆ ಉಪ್ಪುಕಾಗದದ ಕೆಲಸ ಮಾಡುತ್ತದೆ.

ನೀರು ಯಾವುದು ಅನ್ನೋದೂ ಮುಖ್ಯ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ಗಾಡಿ ತೊಳೆಯುವುದನ್ನು ನಿಷೇಧಿಸಿ 5000 ರೂಪಾಯಿ ದಂಡ ಅಂದಿತು. 2025ರ ಫೆಬ್ರವರಿಯಲ್ಲಿ ಮತ್ತೆ ಅದನ್ನೇ ಹೇಳಿತು. ನೆಲ ತೊಳೆಯಲಿಕ್ಕೂ ಕಾವೇರಿ ನೀರು ಹಿಡಿದು ನಿಂತರೆ ಮೇಲಿನ ಮನೆಯವರು ಸುಮ್ನೆ ನೋಡ್ತಾ ಇರಲ್ಲ, ಅಲ್ವಾ? ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಎಸ್‌ಟಿಪಿ ನೀರು, ಅಂದರೆ ಕೊಳಚೆಯನ್ನು ಶುದ್ಧ ಮಾಡಿದ ನೀರು ಇರುತ್ತದೆ. ಪಾರ್ಕಿಂಗ್ ನೆಲಕ್ಕೆ ಅದು ಸಾಕು, ಮಾಸ್ಕ್, ಕನ್ನಡಕ ಹಾಕಿಕೊಳ್ಳಿ. ಸಂಪು, ಸಿಂಟೆಕ್ಸ್ ಟ್ಯಾಂಕಿಗೆ ಮಾತ್ರ ಆ ನೀರೂ ಬೇಡ, ಆ ನೀರು ಹರಿದ ಪೈಪೂ ಬೇಡ.

ಈಗ ಬಾರ್ ವಿಷಯ. ಡಬ್ಬದ ಮೇಲೆ ಬರೆದದ್ದು ನಿಜವೋ ಅಂತ ಅಂಗಡಿಯಲ್ಲೇ ನಿಂತು ಲೆಕ್ಕ ಹಾಕಬಹುದು. ಬಾರ್ ಅನ್ನು ನಿಮಿಷದ ಲೀಟರ್‌ನಿಂದ ಗುಣಿಸಿ, 600ರಿಂದ ಭಾಗಿಸಿ. ಬಂದದ್ದು ಕಿಲೋವ್ಯಾಟ್. 250 ಬಾರ್, 8 ಲೀಟರ್ ಅಂದರೆ 3.3 ಕಿಲೋವ್ಯಾಟ್ ಆಯಿತು. ಅದೇ ಡಬ್ಬದ ಮೇಲೆ ಮೋಟರ್ 2 ಕಿಲೋವ್ಯಾಟ್ ಅಂತ ಇದ್ದರೆ, 2 ಲೀಟರ್ ಪಾತ್ರೆಯಿಂದ 3 ಲೀಟರ್ ಹಾಲು ಬಗ್ಗಿಸಿ ಕೊಡ್ತೀನಿ ಅಂದ ಹಾಗೆ. ಆ 250 ಎಲ್ಲೋ ಒಂದು ಕ್ಷಣ ಮೀಟರಿನ ಮುಳ್ಳು ಮುಟ್ಟುವ ಒತ್ತಡ ಇರಬಹುದು, ದಿನವಿಡೀ ಸಿಗುವುದಲ್ಲ. 120 ಬಾರ್, 10 ಲೀಟರ್‌ಗೆ ಲೆಕ್ಕ 2 ಕಿಲೋವ್ಯಾಟ್ ಬರುತ್ತದೆ. 3 ಎಚ್‌ಪಿ ಮೋಟರ್ ಅಂದರೆ 2.2 ಕಿಲೋವ್ಯಾಟ್. ಇದು ಹೊಂದುತ್ತದೆ. ಸಿಂಗಲ್ ಫೇಸ್‌ನಲ್ಲಿ ಓಡುವ ಮೆಷಿನ್‌ಗೆ ಸುಮಾರಾಗಿ ಇದೇ ಮಿತಿ, ನಿಮ್ಮ ಕೆಲಸಕ್ಕೆ ನಾನು ಹೇಳುವುದೂ ಇದನ್ನೇ.

ಬಾರ್ ಕೊಳೆಯನ್ನು ಬಿಡಿಸುತ್ತದೆ, ಬಿಟ್ಟ ಕೊಳೆಯನ್ನು ತಳ್ಳಿಕೊಂಡು ಹೋಗುವುದು ಲೀಟರ್. ಪಾರ್ಕಿಂಗ್‌ನಂಥ ದೊಡ್ಡ ನೆಲಕ್ಕೆ ಲೀಟರ್ ಜಾಸ್ತಿ ಇದ್ದಷ್ಟೂ ಕೆಲಸ ಬೇಗ ಮುಗಿಯುತ್ತದೆ.

ಹೆಚ್ಚು ಬಾರ್ ಆಸೆಗೆ ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಒಂದು ಟೆರೇಸಿನ ಪಾಚಿ ಹೋಗುತ್ತಿಲ್ಲ ಅಂತ ಗನ್ನಿನ ತುದಿಗೆ ಕೆಂಪು ನಾಜಲ್ ಹಾಕಿದೆ. ಕೆಂಪು ಅಂದರೆ ಸೊನ್ನೆ ಡಿಗ್ರಿ, ನೀರು ಸೂಜಿಯ ಹಾಗೆ ಬರುತ್ತದೆ. ಪಾಚಿ ಹೋಯಿತು. ಜೊತೆಗೆ ವಾಟರ್‌ಪ್ರೂಫಿಂಗ್ ಪದರ ಹಪ್ಪಳದ ಹಾಗೆ ಎದ್ದು ಬಂತು. ಆ ತಿಂಗಳ ದುಡಿಮೆ ಅದನ್ನು ಸರಿ ಮಾಡಿಸಲಿಕ್ಕೇ ಹೋಯಿತು. ಈಗ ಟೆರೇಸಿಗೆ ಬ್ಲೀಚಿಂಗ್ ನೀರು ಸಿಂಪಡಿಸಿ, ಒಣಗಲು ಬಿಡದೆ ಹತ್ತು ನಿಮಿಷ ಕಾದು, ಬಿಳಿ ನಾಜಲ್‌ನಲ್ಲಿ, ಅಂದರೆ 40 ಡಿಗ್ರಿಯಲ್ಲಿ, ದೂರ ನಿಂತು ತೊಳೆಯುತ್ತೇನೆ. ಬ್ಲೀಚಿಂಗ್ ಜೊತೆ ಆಸಿಡ್ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತದೆ.

ಮೋಟರ್ ಬಗ್ಗೆ ಅಂಗಡಿಯಲ್ಲಿ ಒಂದೇ ಮಾತು ಕೇಳಿ: ಇಂಡಕ್ಷನ್ನಾ, ಕಾರ್ಬನ್ ಬ್ರಷ್ಷಾ? ಕೈಯಲ್ಲಿ ಹಗುರವಾಗಿ ಎತ್ತಬಹುದಾದ, ಚಾಲೂ ಮಾಡಿದರೆ ಮಿಕ್ಸಿಯ ಹಾಗೆ ಕಿರುಚುವ ಮೆಷಿನ್ ಬಹುತೇಕ ಬ್ರಷ್‌ನದು. ಮನೆಯ ಕಾರಿಗೆ ಸರಿ, ದಿನಕ್ಕೆ ನಾಲ್ಕು ಗಂಟೆ ದುಡಿಯಲ್ಲ. ಇಂಡಕ್ಷನ್ ಮೋಟರು, ಹಿತ್ತಾಳೆ ಹೆಡ್ ಇರುವ ಪಂಪು ಭಾರ. ಎತ್ತಲು ಇಬ್ಬರು ಬೇಕು. ಆ ಭಾರಕ್ಕೇ ನೀವು ದುಡ್ಡು ಕೊಡುತ್ತಿರುವುದು.

ಪೆಟ್ರೋಲ್ ಎಂಜಿನ್ ಮೆಷಿನ್ ಕರೆಂಟಿಲ್ಲದ ಸೈಟಿಗೆ ಒಳ್ಳೆಯದು. ಬೇಸ್‌ಮೆಂಟ್‌ನಲ್ಲಿ ಬೇಡವೇ ಬೇಡ, ಆ ಹೊಗೆ ಜೀವ ತೆಗೆಯುತ್ತದೆ.

3 ಎಚ್‌ಪಿ ಮೋಟರ್‌ಗೆ 15 ಆಂಪ್ಸ್ ಪವರ್ ಪಾಯಿಂಟೇ ಬೇಕು. ಎಷ್ಟೋ ಪಾರ್ಕಿಂಗ್‌ಗಳಲ್ಲಿ ಇರುವುದು ಸೆಕ್ಯುರಿಟಿಯವರು ಮೊಬೈಲ್ ಚಾರ್ಜ್ ಮಾಡುವ 5 ಆಂಪ್ಸ್ ಪಾಯಿಂಟ್ ಮಾತ್ರ. ಒಪ್ಪಿಕೊಳ್ಳುವ ಮೊದಲೇ ಹೋಗಿ ನೋಡಿ. ನಿಮ್ಮದೇ 30 ಮೀಟರ್ ಎಕ್ಸ್‌ಟೆನ್ಷನ್ ಮಾಡಿಸಿಕೊಳ್ಳಿ, 2.5 ಸ್ಕ್ವೇರ್ ಎಂಎಂ, ಮೂರು ಕೋರ್ ತಾಮ್ರದ ವೈರ್. ಸಣ್ಣ ವೈರಿನಲ್ಲಿ ವೋಲ್ಟೇಜ್ ಇಳಿದು ಮೋಟರ್ ಬಿಸಿಯಾಗುತ್ತದೆ. ಅದಕ್ಕೊಂದು 30 ಮಿಲಿಆಂಪ್ಸ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕತ್ತರಿಸುವ ಸ್ವಿಚ್, ಸೇರಿಸಿ. ಒದ್ದೆ ನೆಲದಲ್ಲಿ ನಿಂತು ಮಾಡುವ ಕೆಲಸ, ಇದರಲ್ಲಿ ಜುಗ್ಗತನ ಬೇಡ.

ಇಷ್ಟಾಗಿ ದುಡ್ಡು ಉಳಿದರೆ ಸರ್ಫೇಸ್ ಕ್ಲೀನರ್ ತಗೊಳ್ಳಿ. ದುಂಡನೆಯ ಮುಚ್ಚಳದ ಕೆಳಗೆ ಎರಡು ನಾಜಲ್ ಗಿರಗಿರ ತಿರುಗುತ್ತವೆ. ಬರೀ ಗನ್ನಿನಲ್ಲಿ ತೊಳೆದ ನೆಲ ಒಣಗಿದ ಮೇಲೆ ಪಟ್ಟೆ ಪಟ್ಟೆ ಕಾಣುತ್ತದೆ, ಇದರಲ್ಲಿ ಒಂದೇ ಸಮ ಬರುತ್ತದೆ. ಪಕ್ಕದ ಕಾರಿಗೆ ಕೆಸರೂ ಹಾರಲ್ಲ.

ಎಸ್.ಜೆ.ಪಿ. ರಸ್ತೆಯಲ್ಲೋ ಮತ್ತೆಲ್ಲೋ ಸೆಕೆಂಡ್ ಹ್ಯಾಂಡ್ ಮೆಷಿನ್ ಸಿಕ್ಕಿತು ಅಂದುಕೊಳ್ಳಿ. ಬಣ್ಣ ನೋಡಬೇಡಿ. ಪಂಪಿನ ಪಕ್ಕದಲ್ಲಿ ಆಯಿಲ್ ಕಾಣುವ ಸಣ್ಣ ಗಾಜಿನ ಕಿಂಡಿ ಇರುತ್ತದೆ, ಟಾರ್ಚ್ ಬಿಟ್ಟು ನೋಡಿ. ಆಯಿಲ್ ಜೇನಿನ ಬಣ್ಣದಲ್ಲಿದ್ದರೆ ಮಾತು ಮುಂದುವರಿಸಿ. ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ಸೀಲು ಹೋಗಿ ಆಯಿಲ್‌ಗೆ ನೀರು ಸೇರಿದೆ. ಪಕ್ಕದ ಹೋಟೆಲಲ್ಲಿ ನಿಜವಾದ ಕಾಫಿ ಕುಡಿದು ಮನೆಗೆ ಬನ್ನಿ.