ಕ್ಲೌಡ್ ಸೇವೆಯಲ್ಲಿ ಹೊಣೆಯ ಗೆರೆ ಎಲ್ಲಿದೆ?

ಕಂಪ್ಯೂಟರ್ ಶಕ್ತಿಯನ್ನು ಇಂಟರ್‌ನೆಟ್ ಮೂಲಕ ಬಾಡಿಗೆಗೆ ಪಡೆಯುವ ಕ್ಲೌಡ್ ಕಂಪ್ಯೂಟಿಂಗ್ ಅನ್ನು ಪರಿಚಯಿಸುವ ಪಾಠಗಳು ಬಹುತೇಕ ಒಂದೇ ಚಿತ್ರದಿಂದ ಆರಂಭವಾಗುತ್ತವೆ: ಕೆಳಗೆ ಇನ್‌ಫ್ರಾಸ್ಟ್ರಕ್ಚರ್ (ಬರಿಯ ಯಂತ್ರ), ನಡುವೆ ಪ್ಲಾಟ್‌ಫಾರ್ಮ್ (ಪ್ರೋಗ್ರಾಂ ಓಡಿಸಿಕೊಡುವ ವ್ಯವಸ್ಥೆ), ಮೇಲೆ ಸಾಫ್ಟ್‌ವೇರ್ (ಸಿದ್ಧ ತಂತ್ರಾಂಶ) ಎಂಬ ಮೂರು ಅಂತಸ್ತು. ಪರೀಕ್ಷೆಗೆ ಓದುವವರಿಗೆ ಇಷ್ಟು ಸಾಕು. ಹಣ ಕೊಟ್ಟು ಸೇವೆ ಪಡೆಯಲು ಹೊರಟವರ ಮುಂದೆ ಮಾತ್ರ ನೂರಾರು ಹೆಸರುಗಳ ಪಟ್ಟಿಯೇ ತೆರೆದುಕೊಳ್ಳುತ್ತದೆ, ಅದರಲ್ಲಿ ಯಾವುದು ಯಾವ ಅಂತಸ್ತಿನದು ಎಂಬುದು ಸುಲಭವಾಗಿ ತಿಳಿಯುವುದಿಲ್ಲ. ಈ ವಿಂಗಡಣೆ ಹೇಗೆ ಹುಟ್ಟಿತು, ಅದು ಯಾವ ಪ್ರಶ್ನೆಗೆ ಉತ್ತರವಾಗಿತ್ತು ಎಂದು ಹಿಂದಿರುಗಿ ನೋಡಿದರೆ ಗೋಜಲು ಸ್ವಲ್ಪವಾದರೂ ಬಿಡಿಸಿಕೊಳ್ಳುತ್ತದೆ.

ಕಂಪ್ಯೂಟರನ್ನು ಕೊಳ್ಳದೆ ಅದರ ಕೆಲಸವನ್ನಷ್ಟೇ ಕೊಳ್ಳುವ ಆಲೋಚನೆ ಇಂಟರ್‌ನೆಟ್‌ಗಿಂತ ಹಳೆಯದು. ಟೆಲಿಫೋನಿನಂತೆ ಕಂಪ್ಯೂಟರ್ ಶಕ್ತಿಯೂ ಒಂದು ದಿನ ಸಾರ್ವಜನಿಕ ಸೇವೆಯಾಗಬಹುದು ಎಂದು ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ 1961ರಲ್ಲಿಯೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಶತಮಾನೋತ್ಸವದಲ್ಲಿ ಹೇಳಿದ್ದರು. ಅದೇ ವರ್ಷ ಅಲ್ಲಿನ ಫರ್ನಾಂಡೊ ಕೊರ್ಬಾಟೊ ಅವರ ತಂಡ, ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಟೈಮ್‌ಶೇರಿಂಗ್ ವ್ಯವಸ್ಥೆಯನ್ನು ಪ್ರದರ್ಶಿಸಿತು. 1972ರಲ್ಲಿ ಐಬಿಎಂ ಪ್ರಕಟಿಸಿದ ವಿಎಂ/370 ಎಂಬ ತಂತ್ರಾಂಶ, ಒಂದು ದೊಡ್ಡ ಯಂತ್ರವನ್ನು ಹಲವು ಪ್ರತ್ಯೇಕ ಯಂತ್ರಗಳೆಂಬಂತೆ ತೋರಿಸಿತು. ಬಳಿಕ ಪಿಸಿ ಬಂದು ಎಲ್ಲರ ಮೇಜಿನ ಮೇಲೂ ಸ್ವಂತ ಕಂಪ್ಯೂಟರ್ ಕುಳಿತ ಮೇಲೆ ಬಾಡಿಗೆಯ ಮಾತು ಎರಡು ದಶಕಗಳ ಕಾಲ ಹಿಂದೆ ಸರಿಯಿತು. ಇನ್ನು ‘ಕ್ಲೌಡ್’ ಎಂಬ ಹೆಸರು ಬಂದದ್ದು ನೆಟ್‌ವರ್ಕ್ ಎಂಜಿನಿಯರುಗಳ ನಕ್ಷೆಗಳಿಂದ. ಒಳಗೇನಿದೆ ಎಂದು ತಿಳಿಯಬೇಕಾಗಿಲ್ಲದ ಭಾಗವನ್ನು ಅವರು ಮೋಡದ ಆಕಾರದಲ್ಲಿ ಬರೆದು ಬಿಡುತ್ತಿದ್ದರು. ತಿಳಿಯಬೇಕಾಗಿಲ್ಲ ಎಂಬ ಆ ಭಾವ ಹೆಸರಿನ ಜೊತೆಗೇ ಇಂದಿಗೂ ಉಳಿದುಕೊಂಡಿದೆ.

ಬಾಡಿಗೆಯ ಆಲೋಚನೆ ಮರಳಿ ಬಂದುದಕ್ಕೆ ಕಾರಣ ತಾಂತ್ರಿಕವಾದುದು, ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1990ರ ದಶಕದ ಕೊನೆಯಲ್ಲಿ ಒಂದು ಜಾಲತಾಣ ನಡೆಸುವವರು ಅತಿ ಹೆಚ್ಚು ಜನ ಬರುವ ದಿನವನ್ನು ಲೆಕ್ಕ ಹಾಕಿ ಸರ್ವರ್ ಕೊಳ್ಳಬೇಕಾಗಿತ್ತು, ಉಳಿದ ದಿನಗಳಲ್ಲಿ ಅವು ಬಹುಪಾಲು ಸುಮ್ಮನೆ ಬಿಸಿಯಾಗುತ್ತಿದ್ದವು. ಒಂದು ಸರ್ವರನ್ನು ಹಲವರಿಗೆ ಹಂಚೋಣವೆಂದರೆ ಪಿಸಿ ಮಾದರಿಯ ಪ್ರೊಸೆಸರುಗಳು ಅದಕ್ಕೆ ಒಗ್ಗುತ್ತಿರಲಿಲ್ಲ. ಹಂಚುವಾಗ ಪ್ರತಿಯೊಬ್ಬರ ಆಪರೇಟಿಂಗ್ ಸಿಸ್ಟಂ ಅನ್ನು ಕಡಿಮೆ ಅಧಿಕಾರದಲ್ಲಿ ಓಡಿಸಬೇಕು, ಅದು ಮಿತಿ ಮೀರಿದರೆ ಪ್ರೊಸೆಸರ್ ದೋಷವೆಂದು ತಿಳಿಸಬೇಕು. ಆದರೆ ಅವುಗಳ ಕೆಲವು ಆದೇಶಗಳು ಹಾಗೆ ಕಡಿಮೆ ಅಧಿಕಾರದಲ್ಲಿ ನಡೆದಾಗ ದೋಷವನ್ನು ವರದಿ ಮಾಡದೆ ಬೇರೆಯೇ ರೀತಿಯಲ್ಲಿ ವರ್ತಿಸುತ್ತಿದ್ದವು. ಆ ಆದೇಶಗಳನ್ನು ಓಡುತ್ತಿರುವಾಗಲೇ ತಿದ್ದಿ ಬರೆಯುವ ಉಪಾಯದಿಂದ ವಿಎಂವೇರ್ ಕಂಪನಿ 1999ರಲ್ಲಿ ಈ ಅಡ್ಡಿಯನ್ನು ದಾಟಿತು. 2003ರಲ್ಲಿ ಬಂದ ಮುಕ್ತ ತಂತ್ರಾಂಶ ಜೆನ್, ಆಪರೇಟಿಂಗ್ ಸಿಸ್ಟಂ ಅನ್ನೇ ಸ್ವಲ್ಪ ಮಾರ್ಪಡಿಸುವ ಬೇರೊಂದು ದಾರಿ ಹಿಡಿಯಿತು. ಯಂತ್ರಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಅಮೆಜಾನಿನ ಇಸಿ2 ಸೇವೆ ಆರಂಭವಾದದ್ದು ಈ ಜೆನ್ ಮೇಲೆಯೇ.

2006ರ ಮಾರ್ಚ್‌ನಲ್ಲಿ ಅಮೆಜಾನ್, ಕಡತಗಳನ್ನು ಇಡುವ ಎಸ್3 ಸೇವೆಯನ್ನು ಒಂದು ಗಿಗಾಬೈಟಿಗೆ ತಿಂಗಳಿಗೆ 15 ಸೆಂಟ್ ದರದಲ್ಲಿ ತೆರೆಯಿತು. ಆಗಸ್ಟ್‌ನಲ್ಲಿ ಇಸಿ2 ಪ್ರಾಯೋಗಿಕವಾಗಿ ಬಂತು. 1.7 ಗಿಗಾಹರ್ಟ್ಸ್ ಪ್ರೊಸೆಸರಿಗೆ ಸಮನಾದ ಶಕ್ತಿ, 1.75 ಗಿಗಾಬೈಟ್ ಮೆಮೊರಿ, 160 ಗಿಗಾಬೈಟ್ ಡಿಸ್ಕ್ ಇದ್ದ ಯಂತ್ರಕ್ಕೆ ಗಂಟೆಗೆ 10 ಸೆಂಟ್ ಬಾಡಿಗೆ. ಯಂತ್ರ ಸಾಧಾರಣವಾದುದೇ, ಹೊಸತಾಗಿದ್ದದ್ದು ಲೆಕ್ಕಾಚಾರ. ಒಂದು ಯಂತ್ರವನ್ನು ನೂರು ಗಂಟೆ ಓಡಿಸಿದರೂ ನೂರು ಯಂತ್ರಗಳನ್ನು ಒಂದು ಗಂಟೆ ಓಡಿಸಿದರೂ ಬಿಲ್ ಒಂದೇ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2007ರಲ್ಲಿ ತನ್ನ ಹಳೆಯ ಸಂಚಿಕೆಗಳ 1.1 ಕೋಟಿ ಬರಹಗಳನ್ನು ಪಿಡಿಎಫ್ ಮಾಡಬೇಕಾಗಿ ಬಂದಾಗ, 100 ಯಂತ್ರಗಳನ್ನು ಬಾಡಿಗೆಗೆ ಪಡೆದು ಸುಮಾರು ಒಂದು ದಿನದಲ್ಲಿ ಕೆಲಸ ಮುಗಿಸಿತು.

ಆ ಕಾಲದ ಒಂದು ಕೊರತೆಯನ್ನು ಇಲ್ಲಿ ನೆನೆಯಬೇಕು. ಮೊದಲ ಎರಡು ವರ್ಷ ಇಸಿ2 ಯಂತ್ರವನ್ನು ಮುಚ್ಚಿದರೆ ಅದರ ಡಿಸ್ಕಿನಲ್ಲಿದ್ದುದೆಲ್ಲ ಅಳಿಸಿ ಹೋಗುತ್ತಿತ್ತು. ಯಂತ್ರದಿಂದ ಬೇರೆಯಾಗಿ ಉಳಿಯುವ ಡಿಸ್ಕ್ ಸೇವೆ ಬಂದದ್ದು 2008ರ ಆಗಸ್ಟ್‌ನಲ್ಲಿ. ಯಾವ ಯಂತ್ರವೂ ಯಾವಾಗ ಬೇಕಾದರೂ ಹೋಗಬಹುದು, ಆದ್ದರಿಂದ ಉಳಿಯಬೇಕಾದುದನ್ನು ಬೇರೆ ಕಡೆ ಇಡಬೇಕು ಎಂಬ ಶಿಸ್ತನ್ನು ಪ್ರೋಗ್ರಾಮರುಗಳು ಈ ಅನನುಕೂಲದಿಂದಲೇ ಬಹಳ ಮಟ್ಟಿಗೆ ಕಲಿತರು. ಇಂದು ಕ್ಲೌಡಿಗೆ ತಕ್ಕ ವಿನ್ಯಾಸ ಎಂದು ಹೊಗಳಿಸಿಕೊಳ್ಳುವ ಎಷ್ಟೋ ಪದ್ಧತಿಗಳ ಬೇರು ಅಲ್ಲಿದೆ.

ಎಸ್3, ಇಸಿ2ಗಳಂಥವು ಕೆಳಗಿನ ಅಂತಸ್ತು. ಉಳಿದೆರಡು ಅಂತಸ್ತುಗಳು ಬೇರೆ ಬೇರೆ ದಿಕ್ಕಿನಿಂದ ಬಂದವು. ಬ್ರೌಸರಿನಲ್ಲೇ ಬಳಸುವ ಸಿದ್ಧ ತಂತ್ರಾಂಶವನ್ನು ಚಂದಾ ರೂಪದಲ್ಲಿ ಮಾರಲು ಸೇಲ್ಸ್‌ಫೋರ್ಸ್ 1999ರಲ್ಲೇ ಹುಟ್ಟಿತ್ತು. ಅಂದರೆ ಎಲ್ಲಕ್ಕೂ ಮೇಲಿನ ಅಂತಸ್ತು ಕೆಳಗಿನದಕ್ಕಿಂತ ಮೊದಲೇ ಎದ್ದಿತ್ತು. ನಡುವಿನದಕ್ಕೆ 2008ರ ಏಪ್ರಿಲ್‌ನಲ್ಲಿ ಬಂದ ಗೂಗಲ್ ಆ್ಯಪ್ ಎಂಜಿನ್ ಒಳ್ಳೆಯ ಮಾದರಿ: ನೀವು ಪ್ರೋಗ್ರಾಂ ಕೊಟ್ಟರೆ ಸಾಕು, ಓಡಿಸುವುದು ಅವರ ಕೆಲಸ. ಅದಕ್ಕೆ ಪ್ರತಿಯಾಗಿ, ಆರಂಭದಲ್ಲಿ ಪೈಥಾನ್ ಬಿಟ್ಟು ಬೇರೆ ಭಾಷೆಯಲ್ಲಿ ಬರೆಯುವಂತಿರಲಿಲ್ಲ, ಡಿಸ್ಕಿಗೆ ಕಡತ ಬರೆಯುವಂತೆಯೂ ಇರಲಿಲ್ಲ. 2011ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್, ಕೆಲವೇ ಪುಟಗಳ ವ್ಯಾಖ್ಯೆಯೊಂದರಲ್ಲಿ ಈ ಮೂರಕ್ಕೂ ಅಧಿಕೃತ ಹೆಸರು ಕೊಟ್ಟಿತು. ಸಾರ್ವಜನಿಕ, ಖಾಸಗಿ, ಸಮುದಾಯ, ಮಿಶ್ರ ಎಂಬ ನಾಲ್ಕು ಬಗೆಯ ಸ್ಥಾಪನೆಗಳನ್ನೂ ಅದೇ ಹೇಳಿತು; ಅವು ಯಂತ್ರ ಯಾರಿಗಾಗಿ ಮೀಸಲು ಎಂಬುದನ್ನಷ್ಟೇ ಸೂಚಿಸುತ್ತವೆ.

ಮೂರು ಅಂತಸ್ತುಗಳ ನಿಜವಾದ ಅರ್ಥ ಗೊತ್ತಾಗುವುದು ಏನಾದರೂ ಕೆಟ್ಟಾಗ. 2014ರ ಏಪ್ರಿಲ್ 7ರಂದು, ಜಾಲತಾಣಗಳ ಗೂಢಲಿಪಿಯನ್ನು ನಿರ್ವಹಿಸುವ ಓಪನ್ಎಸ್ಎಸ್ಎಲ್ ತಂತ್ರಾಂಶದಲ್ಲಿದ್ದ ಹಾರ್ಟ್‌ಬ್ಲೀಡ್ ಎಂಬ ದೋಷ ಬಹಿರಂಗವಾಯಿತು. ಸರ್ವರಿನ ಮೆಮೊರಿಯಿಂದ ಗುಪ್ತಕೀಲಿಗಳೂ ಪಾಸ್‌ವರ್ಡುಗಳೂ ಸೋರಿಹೋಗುವ ಸಾಧ್ಯತೆ ಅದರಿಂದ ಇತ್ತು. ಇಸಿ2ರಲ್ಲಿ ಸಿಗುವಂಥ ಬರಿಯ ವರ್ಚುವಲ್ ಯಂತ್ರ (ದೊಡ್ಡ ಯಂತ್ರದೊಳಗಿನ ಒಂದು ಪಾಲು) ಬಾಡಿಗೆಗೆ ಪಡೆದವರು ಪ್ರತಿಯೊಂದು ಯಂತ್ರಕ್ಕೂ ತಾವೇ ಲಾಗಿನ್ ಆಗಿ ಪ್ಯಾಚ್, ಅಂದರೆ ದೋಷ ಸರಿಪಡಿಸುವ ತಿದ್ದುಪಡಿ, ಹಾಕಬೇಕಾಯಿತು. ಪ್ಲಾಟ್‌ಫಾರ್ಮ್ ಬಳಸುತ್ತಿದ್ದವರಿಗೆ ಪ್ಯಾಚ್ ಹಾಕುವ ಕೆಲಸ ತಪ್ಪಿತು, ಆದರೆ ತಮ್ಮ ಜಾಲತಾಣದ ಗುರುತನ್ನು ಸಾರುವ ಸ್ವಂತ ಪ್ರಮಾಣಪತ್ರ ಕೊಟ್ಟಿದ್ದವರು ಹೊಸ ಕೀಲಿ ಮಾಡಿಸಿಕೊಳ್ಳುವುದು ತಪ್ಪಲಿಲ್ಲ. ಸಿದ್ಧ ತಂತ್ರಾಂಶದ ಚಂದಾದಾರರ ಪಾಲಿಗೆ ಉಳಿದದ್ದು ಪಾಸ್‌ವರ್ಡ್ ಬದಲಾಯಿಸುವುದು ಮತ್ತು ಕಾಯುವುದು. ಮೇಲಿನ ಅಂತಸ್ತಿಗೆ ಹೋದಷ್ಟೂ ಕೆಲಸ ಕಡಿಮೆಯಾಗುತ್ತದೆ, ಅದರೊಂದಿಗೆ ಸ್ವತಃ ಏನಾದರೂ ಮಾಡಬಲ್ಲ ಅವಕಾಶವೂ ಕಡಿಮೆಯಾಗುತ್ತದೆ. ಎರಡನೆಯದನ್ನು ಪರಿಚಯ ಪಾಠಗಳು ಅಷ್ಟಾಗಿ ಒತ್ತಿ ಹೇಳುವುದಿಲ್ಲ.

ಅದೇ ವರ್ಷದ ನವೆಂಬರ್‌ನಲ್ಲಿ ಬಂದ ಅಮೆಜಾನಿನ ಲ್ಯಾಂಬ್ಡಾದಂಥ ‘ಸರ್ವರ್‌ಲೆಸ್’ ಸೇವೆಗಳು ಯಂತ್ರದ ಮಾತನ್ನೇ ಬಿಟ್ಟು, ಪ್ರೋಗ್ರಾಮಿನ ಒಂದು ತುಣುಕು ಓಡಿದಷ್ಟು ಹೊತ್ತಿಗೆ ಮಾತ್ರ ಬಿಲ್ ಮಾಡತೊಡಗಿದವು. ಪ್ರೋಗ್ರಾಮನ್ನೂ ಅದಕ್ಕೆ ಬೇಕಾದುದನ್ನೂ ಒಂದೇ ಕಟ್ಟಾಗಿ ಓಡಿಸುವ ಕಂಟೇನರುಗಳು, ನಿರ್ವಹಣೆಯೊಂದಿಗೆ ಸಿಗುವ ಡೇಟಾಬೇಸುಗಳು ಇದಕ್ಕೆ ಸೇರಿ ಮೂರು ಅಂತಸ್ತುಗಳ ನಡುವೆ ಲೆಕ್ಕವಿಲ್ಲದಷ್ಟು ಮೆಟ್ಟಿಲುಗಳಾದವು. ಬಿಲ್ ಓದುವುದೂ ಒಂದು ವಿದ್ಯೆಯಾಯಿತು: ವರ್ಚುವಲ್ ಯಂತ್ರವನ್ನು ನಿಲ್ಲಿಸಿದರೂ ಅದಕ್ಕೆ ಅಂಟಿದ ಡಿಸ್ಕಿಗೆ ಬಾಡಿಗೆ ಏರುತ್ತಲೇ ಇರುತ್ತದೆ ಎಂಬುದು ಹಲವರಿಗೆ ತಿಂಗಳ ಕೊನೆಯಲ್ಲೇ ತಿಳಿಯುವುದು.

ಒಳಬರುವ ಡೇಟಾಗೆ ಶುಲ್ಕವಿಲ್ಲ, ಹೊರಹೋಗುವುದಕ್ಕೆ ಗಿಗಾಬೈಟ್ ಲೆಕ್ಕದಲ್ಲಿ ಶುಲ್ಕ ಎಂಬುದು ದೊಡ್ಡ ಸೇವೆಗಳಲ್ಲಿ ಬಹುಕಾಲದಿಂದ ಸಾಮಾನ್ಯವಾಗಿದ್ದ ಪದ್ಧತಿ. ಸೇರಿಕೊಳ್ಳುವ ದಿನ ಈ ಅಂತರ ಯಾರ ಕಣ್ಣಿಗೂ ಬೀಳುವುದಿಲ್ಲ. 2024ರ ಆರಂಭದಲ್ಲಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂರೂ ಸೇವೆಯನ್ನೇ ಬಿಟ್ಟು ಹೋಗುವವರಿಗೆ ಈ ಶುಲ್ಕವನ್ನು ಕೈಬಿಟ್ಟವು. ಐರೋಪ್ಯ ಒಕ್ಕೂಟದ ಡೇಟಾ ಕಾಯ್ದೆ 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗಿದೆ. ಅದರ ಪ್ರಕಾರ ಅಲ್ಲಿ ಸೇವೆ ಬದಲಾಯಿಸುವ ಶುಲ್ಕಗಳು 2027ರ ಜನವರಿ 12ಕ್ಕೆ ಪೂರ್ತಿ ನಿಲ್ಲಬೇಕು. ಇದರಿಂದ ಕಡತಗಳನ್ನು ಹೊರಗೆ ಸಾಗಿಸುವುದು ಅಗ್ಗವಾಗುತ್ತದೆ. ಒಂದೇ ಸೇವಾದಾರರ ಡೇಟಾಬೇಸಿಗೆ, ಅವರದೇ ಸರ್ವರ್‌ಲೆಸ್ ವ್ಯವಸ್ಥೆಗೆ ಹೊಂದಿಸಿ ವರ್ಷಗಟ್ಟಲೆ ಬರೆದ ಪ್ರೋಗ್ರಾಮನ್ನು ಬೇರೆಡೆ ಓಡುವಂತೆ ಮತ್ತೆ ಬರೆಯುವ ಖರ್ಚು ಮಾತ್ರ ಈಗಲೂ ಗ್ರಾಹಕರದೇ, ಮತ್ತು ಅದು ಯಾವ ದರಪಟ್ಟಿಯಲ್ಲೂ ಇರುವುದಿಲ್ಲ.